ಶಿಡ್ಲಘಟ್ಟ ಎಂದು ಬರೆದು ನೋಡಿ

ಶಿಡ್ಲಘಟ್ಟದ ಸರಕಾರಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದವರಿಗೆ ಒಂದು ದೃಶ್ಯ ಕಣ್ಣಿಗೆ ಬೀಳದೆ ಇರದು. ಜಾಲರಿಗಳಲ್ಲಿ ಹರಡಿದ ಹಳದಿ ಗೂಡುಗಳ, ಬಿಳಿ ಗೂಡುಗಳ ರಾಶಿಯ ಮುಂದೆ ನೂಲು ತೆಗೆಯುವ ರೀಲರ್ ನಿಲ್ಲುತ್ತಾನೆ. ಹಿಡಿಯಷ್ಟು ಗೂಡನ್ನು ಕೈಗೆತ್ತಿಕೊಳ್ಳುತ್ತಾನೆ. ಬೆರಳಿನಿಂದ ಒತ್ತಿ ಪೊರೆಯ ಬಿಗಿಯನ್ನು ಪರೀಕ್ಷಿಸುತ್ತಾನೆ. ಕಿವಿಯ ಬಳಿ ಹಿಡಿದು ಅಲುಗಿಸಿ ಒಳಗಿನ ಕೋಶದ ಸದ್ದನ್ನು ಆಲಿಸುತ್ತಾನೆ. ಗೂಡು ದಪ್ಪಗಿದೆಯೆಂದ ಮಾತ್ರಕ್ಕೆ ನೂಲು ಹೆಚ್ಚು ಬರುವುದಿಲ್ಲವೆಂಬುದು ಅವನಿಗೆ ಗೊತ್ತು. ಗಾತ್ರವನ್ನಷ್ಟೇ ನೋಡಿ ಕೊಂಡವನು ಕೈ ಸುಟ್ಟುಕೊಳ್ಳುವುದು ಖಂಡಿತ.

ಇಂಥ ಜಾಣನೇ ಮಗಳ ವ್ಯಾಸಂಗಕ್ಕೂ ಮನೆಯ ಲೆಕ್ಕಪತ್ರಕ್ಕೂ ಒಂದು ಕಂಪ್ಯೂಟರ್ ಮಾನಿಟರ್ ಕೊಳ್ಳಲು ಅಂಗಡಿಯ ಮೆಟ್ಟಿಲೇರಿದನೆನ್ನಿ. ಆಗ ಅವನು ಕೇಳುವ ಮೊದಲ ಪ್ರಶ್ನೆ ಯಾವುದು? ‘ಎಷ್ಟು ಅಂಗುಲ?’ ಎರಡನೆಯದು ‘ಬೆಲೆ ಎಷ್ಟು?’ ಎಂಬುದು. ಮೂರನೆಯ ಪ್ರಶ್ನೆ ಬಹುಶಃ ಇರುವುದೇ ಇಲ್ಲ. ಹೆಚ್ಚು ಅಂಗುಲದ ತೆರೆ ಕಡಮೆ ಬೆಲೆಗೆ ದೊರೆತರೆ ವ್ಯಾಪಾರ ಕುದುರಿತೆಂದೇ ಲೆಕ್ಕ. ಮನೆಗೆ ತಂದು ಮೇಜಿನ ಮೇಲಿಟ್ಟು ಕನ್ನಡದ ಒಂದು ಪುಟವನ್ನು ತೆರೆದಾಗ, ಅಕ್ಷರಗಳ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ, ಒತ್ತಕ್ಷರಗಳೆಲ್ಲ ಮಸಿ ಚೆಲ್ಲಿದಂತೆ ಕಾಣುವುದೇಕೆಂದು ತಿಳಿಯದೆ, ಕನ್ನಡಕವನ್ನು ಒರೆಸಿಕೊಳ್ಳುತ್ತ ಕೂರಬೇಕಾಗುತ್ತದೆ.

ಅಂಗುಲವೆಂದರೇನು?

ಅಂಗಡಿಯವರು ಹೇಳುವ ಅಂಗುಲ ತೆರೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣರೇಖೆಯ ಉದ್ದ ಅದು. ಈಗ ಸಾಮಾನ್ಯವಾಗಿರುವ ೧೬ಕ್ಕೆ ೯ರ ಪ್ರಮಾಣದ ತೆರೆಗಳಲ್ಲಿ ೨೪ ಅಂಗುಲವೆಂದರೆ ಸುಮಾರು ೫೩ ಸೆಂಟಿಮೀಟರ್ ಅಗಲ, ೩೦ ಸೆಂಟಿಮೀಟರ್ ಎತ್ತರ. ೨೭ ಅಂಗುಲವಾದರೆ ಸುಮಾರು ೬೦ ಸೆಂಟಿಮೀಟರ್ ಅಗಲ, ೩೪ ಸೆಂಟಿಮೀಟರ್ ಎತ್ತರ. ಕರ್ಣದಲ್ಲಿ ಹೆಚ್ಚಿದ್ದು ಮೂರೇ ಅಂಗುಲವಾದರೂ ತೆರೆಯ ವಿಸ್ತಾರ ಕಾಲುಭಾಗಕ್ಕಿಂತಲೂ ತುಸು ಹೆಚ್ಚೇ ಬೆಳೆದಿರುತ್ತದೆ.

ಆದರೆ ತೆರೆಯ ಮೇಲೆ ಚಿತ್ರವನ್ನು ಮೂಡಿಸುವುದು ಅಂಗುಲವಲ್ಲ, ಚುಕ್ಕೆಗಳು. ‘ಪಿಕ್ಸೆಲ್’ ಎಂದು ಕರೆಯುವುದು ಇವುಗಳನ್ನೇ. ‘ಫುಲ್ ಎಚ್.ಡಿ.’ ಎಂಬ ಹೆಸರಿನ ತೆರೆಯಲ್ಲಿ ಅಡ್ಡಸಾಲಿಗೆ ೧,೯೨೦, ಕೆಳಮುಖವಾಗಿ ೧,೦೮೦, ಒಟ್ಟು ೨೦ ಲಕ್ಷ ೭೩ ಸಾವಿರದ ೬೦೦ ಚುಕ್ಕೆಗಳಿರುತ್ತವೆ. ತೆರೆಯ ರೆಸಲ್ಯೂಷನ್ ಎಂದರೆ ಇದೇ. ಸ್ವಾರಸ್ಯವೆಂದರೆ, ೨೨ ಅಂಗುಲದ ಫುಲ್ ಎಚ್.ಡಿ. ತೆರೆಯಲ್ಲಿಯೂ ಅಷ್ಟೇ ಚುಕ್ಕೆ, ೨೭ ಅಂಗುಲದ್ದರಲ್ಲಿಯೂ ಅಷ್ಟೇ ಚುಕ್ಕೆ! ತೆರೆ ದೊಡ್ಡದಾದಾಗ ಚುಕ್ಕೆಗಳ ಸಂಖ್ಯೆ ಹೆಚ್ಚಲಿಲ್ಲ. ಒಂದೊಂದು ಚುಕ್ಕೆಯೂ ಹಿಗ್ಗಿತು, ಅಷ್ಟೇ.

ನೇಕಾರನ ಚೌಕುಳಿ

ರೇಷ್ಮೆಯ ಸೀಮೆಯವರಿಗೆ ಈ ಮಾತು ಹೊಸದೇನಲ್ಲ. ಒಂದು ಗೂಡಿನಿಂದ ನೂರಾರು ಮೀಟರ್ ಉದ್ದದ ಎಳೆ ಬಿಚ್ಚಿಕೊಳ್ಳುತ್ತದೆ. ಆದರೆ ನೂಲಿನ ನಯವನ್ನು ಉದ್ದದಿಂದ ಅಳೆಯುವುದಿಲ್ಲ. ಬರಿಯ ತೂಕದಿಂದಲೂ ಅಳೆಯುವುದಿಲ್ಲ. ೯,೦೦೦ ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅದೇ ಅದರ ‘ಡೆನಿಯರ್’. ಉದ್ದ, ತೂಕ ಎರಡನ್ನೂ ಒಟ್ಟಿಗೆ ಹೇಳಿದರಷ್ಟೇ ಅದಕ್ಕೆ ಅರ್ಥ ಬರುತ್ತದೆ. ಹಾಗೆಯೇ ಮಾನಿಟರಿನ ನಯ ತಿಳಿಯಬೇಕಾದರೆ ಅಂಗುಲವನ್ನೂ ಚುಕ್ಕೆಯನ್ನೂ ಒಟ್ಟಿಗೆ ಹೇಳಬೇಕು: ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ?

ಸೀರೆಯ ಅಂಚಿನಲ್ಲಿ ಹಂಸವನ್ನೋ ಮಾವಿನಕಾಯಿಯನ್ನೋ ನೇಯುವ ಮೊದಲು ಕುಶಲಕರ್ಮಿಗಳು ಅದನ್ನು ಚೌಕುಳಿ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಚೌಕುಳಿಗಳು ಒತ್ತಾಗಿದ್ದರೆ ಹಂಸದ ಕೊರಳು ಬಳುಕುತ್ತದೆ. ವಿರಳವಾಗಿದ್ದರೆ ಕೊರಳು ಮೆಟ್ಟಿಲಾಗುತ್ತದೆ. ಗಣಕಯಂತ್ರಕ್ಕೂ ಮಗ್ಗಕ್ಕೂ ನಂಟು ಹಳೆಯದು. ಫ್ರಾನ್ಸಿನ ಜಾಕಾರ್ಡ್ ೧೮೦೪ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ರಂಧ್ರ ಕೊರೆದ ಪಟ್ಟಿಗಳೇ ವಿನ್ಯಾಸವನ್ನು ನಿರ್ಧರಿಸುತ್ತಿದ್ದುವು. ಮುಂದೆ ಕಂಪ್ಯೂಟರುಗಳಿಗೂ ಅಂಥದೇ ಪಟ್ಟಿಗಳಲ್ಲಿ ಲೆಕ್ಕವನ್ನು ಉಣಿಸುವ ಕಾಲವೊಂದಿತ್ತು.

ಕನ್ನಡದ ಪಾಡು

ಇಂಗ್ಲಿಷಿನಲ್ಲಿಯೇ ಕೆಲಸ ಮಾಡುವವನಿಗೆ ಚುಕ್ಕೆಗಳ ಈ ಬಡತನ ಅಷ್ಟಾಗಿ ತಟ್ಟುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರವೊಂದನ್ನು ಅಗಲಕ್ಕೆ ೫, ಎತ್ತರಕ್ಕೆ ೭ ಚುಕ್ಕೆಗಳಲ್ಲಿ ಓದುವಂತೆ ಬರೆದುಬಿಡಬಹುದು. ಕನ್ನಡಕ್ಕೆ ಅದು ಸಾಲದು. ನಮ್ಮ ಅಕ್ಷರ ದುಂಡು. ಮೇಲೆ ತಲೆಕಟ್ಟೋ ಗುಡಿಸೋ ಉಂಟು, ನಡುವೆ ಅಕ್ಷರದ ಒಡಲುಂಟು, ಕೆಳಗೆ ಒತ್ತಕ್ಷರವುಂಟು. ಒಂದೇ ಸಾಲಿನ ಎತ್ತರದಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿದಂತೆ.

ಶಿಡ್ಲಘಟ್ಟ ಎಂಬ ಹೆಸರನ್ನೇ ನೋಡಿ. ‘ಶಿ’ಯಲ್ಲಿ ಮೇಲಿನ ಗುಡಿಸು, ‘ಡ್ಲ’ದಲ್ಲಿ ಕೆಳಗಿನ ಲಕಾರದ ಒತ್ತು, ‘ಘ’ದಲ್ಲಿ ಮಹಾಪ್ರಾಣ, ‘ಟ್ಟ’ದಲ್ಲಿ ಮತ್ತೊಂದು ಒತ್ತು. ನಾಲ್ಕೇ ಅಕ್ಷರಗಳಲ್ಲಿ ಕನ್ನಡ ಲಿಪಿಯ ಕಷ್ಟಗಳೆಲ್ಲ ಬಂದು ಸೇರಿವೆ! ಸಾಮಾನ್ಯ ತೆರೆಯಲ್ಲಿ ೧೨ ಪಾಯಿಂಟಿನ ಅಕ್ಷರಕ್ಕೆ ದೊರೆಯುವುದು ೧೬ ಚುಕ್ಕೆಗಳ ಎತ್ತರ. ಮೂರು ಅಂತಸ್ತುಗಳೂ ಅಷ್ಟರಲ್ಲಿಯೇ ಹಂಚಿಕೊಳ್ಳಬೇಕಾದಾಗ ಒತ್ತಕ್ಷರದ ಪಾಲಿಗೆ ಬೆರಳೆಣಿಕೆಯ ಚುಕ್ಕೆಗಳಷ್ಟೇ ಉಳಿಯುತ್ತವೆ. ಆ ಚುಕ್ಕೆಗಳೂ ದಪ್ಪದಪ್ಪಗಿದ್ದರೆ ಒತ್ತಕ್ಷರ ಹೋಗಿ ಕಪ್ಪು ಕಲೆ ಉಳಿಯುತ್ತದೆ.

ಇದು ಅಂದಚೆಂದದ ಮಾತಷ್ಟೇ ಅಲ್ಲ. ‘ದ’ಕಾರವನ್ನೂ ‘ಧ’ಕಾರವನ್ನೂ, ‘ಪ’ಕಾರವನ್ನೂ ‘ಫ’ಕಾರವನ್ನೂ ಬೇರ್ಪಡಿಸುವುದು ಅಡಿಯಲ್ಲಿರುವ ಒಂದು ಕಿರಿಯ ಗೀಟು. ಕನ್ನಡ ಅಂಕಿಗಳಲ್ಲಿ ೧ಕ್ಕೂ ೦ಗೂ ಇರುವ ಭೇದ ಒಂದು ಸಣ್ಣ ಬಿರುಕು. ೨೦೦೦ದ ಆಸುಪಾಸಿನಲ್ಲಿ ಆರಂಭವಾದ ‘ಭೂಮಿ’ ಯೋಜನೆಯಿಂದ ಕರ್ನಾಟಕದ ಪಹಣಿಗಳೆಲ್ಲ ಗಣಕಯಂತ್ರವನ್ನು ಸೇರಿವೆ. ಹೊಲದ ಒಡೆಯನ ಹೆಸರು, ಮಗಳ ಶಾಲಾ ದಾಖಲೆ, ಪಿಂಚಣಿಯ ಅರ್ಜಿ, ಇವೆಲ್ಲವನ್ನೂ ಈಗ ತೆರೆಯ ಮೇಲೆ ಓದಿ ಸರಿಯೆನ್ನಬೇಕಾಗಿದೆ. ಕಾಣದ ಗೀಟೊಂದು ತಪ್ಪಾಗಿ ಅಚ್ಚಾದರೆ ಅದನ್ನು ತಿದ್ದಿಸಲು ಅರ್ಜಿ ಹಿಡಿದು ಅಲೆಯಬೇಕಾದವರು ಮನೆಯವರೇ.

ಕಣ್ಣಿನ ಲೆಕ್ಕ

ಹಾಗಾದರೆ ಎಷ್ಟು ಒತ್ತಾಗಿರಬೇಕು ಚುಕ್ಕೆಗಳು? ಉತ್ತರ ಕಣ್ಣಿನಲ್ಲಿಯೇ ಇದೆ. ನೇತ್ರವೈದ್ಯರು ೬/೬ ಎಂದು ಬರೆಯುವ ಆರೋಗ್ಯವಂತ ದೃಷ್ಟಿ, ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕಿರಿದಾದ ವಿವರವನ್ನು ಗುರುತಿಸಬಲ್ಲುದು. ಮೇಜಿನ ಮುಂದೆ ಕುಳಿತವರ ಕಣ್ಣಿಗೂ ತೆರೆಗೂ ನಡುವೆ ಒಂದು ತೋಳಿನಷ್ಟು, ಎಂದರೆ ಸುಮಾರು ೬೦ ಸೆಂಟಿಮೀಟರ್ ದೂರವಿರುತ್ತದೆ. ಅಷ್ಟು ದೂರದಲ್ಲಿ ಆ ಭಾಗ ಸುಮಾರು ೦.೧೭ ಮಿಲಿಮೀಟರ್ ಆಗುತ್ತದೆ. ಅದಕ್ಕಿಂತ ದಪ್ಪನಾದ ಚುಕ್ಕೆಯ ಅಂಚನ್ನು ಕಣ್ಣು ಹಿಡಿಯಬಲ್ಲುದು.

ಈ ಅಳತೆಗೋಲನ್ನು ಹಿಡಿದು ಅಂಗಡಿಯ ಸಾಲನ್ನು ನೋಡೋಣ. ೨೨ ಅಂಗುಲದ ಆಸುಪಾಸಿನ ಫುಲ್ ಎಚ್.ಡಿ. ತೆರೆಯಲ್ಲಿ ಅಂಗುಲಕ್ಕೆ ಸುಮಾರು ೧೦೦ ಚುಕ್ಕೆ. ೨೪ ಅಂಗುಲದಲ್ಲಿ ೯೨. ಚುಕ್ಕೆಯ ಅಗಲ ೦.೨೮ ಮಿಲಿಮೀಟರ್. ೨೭ ಅಂಗುಲಕ್ಕೇರಿದರೆ ಅಂಗುಲಕ್ಕೆ ೮೨ ಚುಕ್ಕೆಗಳಿಗಿಳಿಯುತ್ತದೆ. ಅಂಥ ತೆರೆಯ ಚುಕ್ಕೆಗಳು ಕಣ್ಣಿಗೆ ಬೀಳದಿರಬೇಕಾದರೆ ಒಂದು ಮೀಟರಿಗಿಂತಲೂ ಹಿಂದಕ್ಕೆ ಸರಿದು ಕೂರಬೇಕು. ಕೈಗೆ ಕೀಲಿಮಣೆ ಎಟುಕಬೇಡವೆ? ಹಳೆಯ ೩೨ ಅಂಗುಲದ ಟೆಲಿವಿಷನ್ನನ್ನೇ ಮಾನಿಟರ್ ಆಗಿ ಬಳಸುವೆವೆಂಬ ಮಿತವ್ಯಯಿಗಳೂ ಉಂಟು. ಅಂಥ ಅನೇಕ ಟೆಲಿವಿಷನ್ನುಗಳಲ್ಲಿ ಇರುವುದು ಅಡ್ಡಕ್ಕೆ ೧,೩೬೬, ಕೆಳಕ್ಕೆ ೭೬೮ ಚುಕ್ಕೆಗಳಷ್ಟೇ, ಎಂದರೆ ಅಂಗುಲಕ್ಕೆ ೪೯. ಗೋಡೆಯ ಮೇಲಿಟ್ಟು ದೂರದಿಂದ ಸಿನಿಮಾ ನೋಡಲು ಅದು ಸಾಕು. ಪಹಣಿ ಓದಲು ಸಲ್ಲದು.

ಇನ್ನು ೨೭ ಅಂಗುಲದಲ್ಲಿಯೇ ೨,೫೬೦ಕ್ಕೆ ೧,೪೪೦ ಚುಕ್ಕೆಗಳಿರುವ ತೆರೆಯುಂಟು, ಅಂಗುಲಕ್ಕೆ ೧೦೯. ಅದಕ್ಕೂ ಮೇಲೆ ‘೪ಕೆ’ ಎಂಬುದು: ೩,೮೪೦ಕ್ಕೆ ೨,೧೬೦, ಒಟ್ಟು ೮೨ ಲಕ್ಷ ೯೪ ಸಾವಿರದ ೪೦೦ ಚುಕ್ಕೆಗಳು. ಇದು ೨೭ ಅಂಗುಲದಲ್ಲಿದ್ದರೆ ಅಂಗುಲಕ್ಕೆ ೧೬೩ ಚುಕ್ಕೆಗಳಾಗಿ, ೬೦ ಸೆಂಟಿಮೀಟರ್ ದೂರದಲ್ಲಿ ಒಂಟಿ ಚುಕ್ಕೆ ಕಣ್ಣಿಗೆ ಸಿಕ್ಕದಂತಾಗುತ್ತದೆ. ಅಚ್ಚಾದ ಪುಸ್ತಕದ ಸೊಗಸು ಕನ್ನಡ ಅಕ್ಷರಕ್ಕೆ ಬರತೊಡಗುವುದು ಇಲ್ಲಿ.

ಅಜ್ಜಿಗೆ ಅಕ್ಷರ ದೊಡ್ಡದಾಗಬೇಕೆ?

‘ಚುಕ್ಕೆ ಹೆಚ್ಚಾದರೆ ಅಕ್ಷರ ಇರುವೆಯಂತಾಗುವುದಲ್ಲ, ಮನೆಯ ಹಿರಿಯರು ಓದುವುದು ಹೇಗೆ?’ ಎಂಬ ಶಂಕೆ ನ್ಯಾಯವಾದದ್ದೇ. ಅದಕ್ಕೆ ಪರಿಹಾರವೆಂದು ಕೆಲವರು ತೆರೆಯ ರೆಸಲ್ಯೂಷನ್ನನ್ನೇ ಕೆಳಕ್ಕಿಳಿಸುತ್ತಾರೆ. ಇದು ದೊಡ್ಡ ತಪ್ಪು. ಇಂದಿನ ಚಪ್ಪಟೆ ತೆರೆಗಳಲ್ಲಿ ಚುಕ್ಕೆಗಳು ಕಾರ್ಖಾನೆಯಲ್ಲಿಯೇ ನೆಟ್ಟವು, ಅವು ಕಡಮೆಯಾಗಲಾರವು. ಯಂತ್ರಕ್ಕೆ ಕಡಮೆ ಸಂಖ್ಯೆಯನ್ನು ಹೇಳಿದರೆ ಅದು ಒಂದು ಚುಕ್ಕೆಯ ಬಣ್ಣವನ್ನು ನೆರೆಯ ಚುಕ್ಕೆಗಳಿಗೂ ಹಂಚಿ ಹೇಗೋ ಹೊಂದಿಸುತ್ತದೆ. ಅಕ್ಷರ ದೊಡ್ಡದಾಗುತ್ತದೆ, ನಿಜ, ಜೊತೆಗೆ ಕಲಸಿಹೋಗುತ್ತದೆ.

ತಕ್ಕ ದಾರಿಯೆಂದರೆ ತೆರೆಯನ್ನು ಅದರ ಹುಟ್ಟುಸಂಖ್ಯೆಯಲ್ಲಿಯೇ ಬಿಟ್ಟು, ವ್ಯವಸ್ಥೆಯಲ್ಲಿರುವ ‘ಸ್ಕೇಲಿಂಗ್’ ಎಂಬ ಸೌಲಭ್ಯದಿಂದ ಅಕ್ಷರವನ್ನು ಹಿಗ್ಗಿಸುವುದು. ೨೭ ಅಂಗುಲದ ೪ಕೆ ತೆರೆಯಲ್ಲಿ ಇದನ್ನು ಶೇಕಡ ೧೫೦ಕ್ಕೆ ಏರಿಸಿದರೆ, ಅಕ್ಷರದ ಗಾತ್ರ ೨,೫೬೦ರ ತೆರೆಯಲ್ಲಿದ್ದಷ್ಟೇ ಆಗುತ್ತದೆ. ಆದರೆ ೧೬ ಚುಕ್ಕೆಗಳ ಎತ್ತರದ ಜಾಗದಲ್ಲಿ ೨೪ ಚುಕ್ಕೆಗಳು ಬಂದು ನಿಲ್ಲುತ್ತವೆ. ಅಜ್ಜಿಗೆ ಇನ್ನೂ ದೊಡ್ಡದು ಬೇಕೆ? ಶೇಕಡ ೨೦೦ಕ್ಕೆ ಏರಿಸಿದರಾಯಿತು. ಆಗಲೂ ಒತ್ತಕ್ಷರ ಒತ್ತಕ್ಷರವಾಗಿಯೇ ಉಳಿಯುವುದು.

ಒಂದು ಎಚ್ಚರಿಕೆ: ಒತ್ತು ಕೆಳಗಿಳಿಯದೆ ಅಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಮಾನಿಟರನ್ನು ದೂರಬೇಡಿ. ಅದು ಅಕ್ಷರವಿನ್ಯಾಸದ ಅಥವಾ ತಂತ್ರಾಂಶದ ದೋಷ. ಎಷ್ಟು ಬೆಲೆಬಾಳುವ ತೆರೆಯೂ ಅದನ್ನು ಸರಿಪಡಿಸಲಾರದು.

ಯಾರಿಗೆ ಯಾವುದು?

ಎಲ್ಲರ ಮನೆಗೂ ೪ಕೆ ಬೇಕೆಂದಲ್ಲ. ಮೇಜು ಚಿಕ್ಕದಾಗಿದ್ದು, ಮಕ್ಕಳ ಪಾಠ, ಪತ್ರವ್ಯವಹಾರ, ಒಮ್ಮೊಮ್ಮೆ ಸಿನಿಮಾ ಇಷ್ಟೇ ಆದರೆ ೨೨ ಅಥವಾ ೨೪ ಅಂಗುಲದ ಫುಲ್ ಎಚ್.ಡಿ. ಸಾಕು, ಅದನ್ನು ಮೀರಿ ಅದೇ ಚುಕ್ಕೆಗಳ ದೊಡ್ಡ ತೆರೆಗೆ ಹಣ ಸುರಿಯಬಾರದು. ದಿನಕ್ಕೆ ಆರೇಳು ಗಂಟೆ ಲೆಕ್ಕಪತ್ರ ಬರೆಯುವವರಿಗೆ, ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡುವವರಿಗೆ ೨೭ ಅಂಗುಲ, ೨,೫೬೦ ಚುಕ್ಕೆಯ ತೆರೆ ಹದವಾದುದು. ಕನ್ನಡ ಪುಟಗಳನ್ನು ತಿದ್ದುವವರು, ಅಚ್ಚಿನ ಕೆಲಸದವರು, ಸೂಕ್ಷ್ಮ ದಾಖಲೆ ಓದುವವರು ೪ಕೆ ತೆರೆಗೆ ಮಾಡುವ ವೆಚ್ಚ ವ್ಯರ್ಥವಲ್ಲ. ಆದರೆ ಕಂಪ್ಯೂಟರ್ ಹಳೆಯದಾಗಿದ್ದರೆ ಮೊದಲು ವಿಚಾರಿಸಿಕೊಳ್ಳಬೇಕು. ಹಳೆಯ ೧.೪ನೆಯ ಶ್ರೇಣಿಯ ಎಚ್.ಡಿ.ಎಮ್.ಐ. ಜೋಡಣೆ ೪ಕೆ ಚಿತ್ರವನ್ನು ಸೆಕೆಂಡಿಗೆ ೩೦ ಸಲವಷ್ಟೇ ಬದಲಿಸಬಲ್ಲುದು. ತೆರೆಯ ಮೇಲಿನ ಬಾಣ ತಡವರಿಸಿದಂತೆ ತೋರುತ್ತದೆ.

ತಂದ ಮೇಲೆ ಇಡುವ ಜಾಗವೂ ಮುಖ್ಯ. ತೆರೆಯ ಮೇಲಂಚು ಕಣ್ಣಿನ ಮಟ್ಟದಲ್ಲೋ ತುಸು ಕೆಳಗೋ ಇರಲಿ. ಕಿಟಕಿ ಎದುರಿಗೂ ಬೆನ್ನಿಗೂ ಬೇಡ, ಪಕ್ಕಕ್ಕಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಕಣ್ಣಿಗೆ ಬಿಡುವು ಕೊಟ್ಟರೆ ಒಳಿತು.

ಅಂಗಡಿಯಲ್ಲಿಯೇ ಪರೀಕ್ಷೆ

ಅಂಗಡಿಯಲ್ಲಿ ಸಾಮಾನ್ಯವಾಗಿ ತೋರಿಸುವುದು ಹೂವಿನ ತೋಟವನ್ನೋ ಜಲಪಾತವನ್ನೋ. ಅವು ಯಾವ ತೆರೆಯಲ್ಲಿಯೂ ಚೆನ್ನಾಗಿಯೇ ಕಾಣುತ್ತವೆ. ಅದನ್ನು ನಿಲ್ಲಿಸಹೇಳಿ, ಒಂದು ಬಿಳಿಯ ಪುಟವನ್ನು ತೆರೆಸಿ, ೧೨ ಪಾಯಿಂಟಿನಲ್ಲಿ ‘ಶಿಡ್ಲಘಟ್ಟ’ ಎಂದು ಬರೆಸಿ. ತೋಳಿನಷ್ಟು ದೂರದಲ್ಲಿ ಕುಳಿತು, ಮನೆಯಲ್ಲಿ ಹಾಕುವ ಕನ್ನಡಕವನ್ನೇ ಹಾಕಿಕೊಂಡು ನೋಡಿ. ಲಕಾರದ ಒತ್ತು ಬೇರೆ, ಟಕಾರದ ಒತ್ತು ಬೇರೆ ಎಂದು ತಡವರಿಸದೆ ಕಂಡರೆ ಬೆಲೆಯ ಮಾತನ್ನು ಎತ್ತಬಹುದು. ಕಾಣದಿದ್ದರೆ ಎಷ್ಟು ಅಂಗುಲವಾದರೂ ಸರಿಯೆ, ಮುಂದಿನ ತೆರೆಯತ್ತ ನಡೆಯಿರಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ; ಅವರ ಕಣ್ಣಿಗೆ ಒಪ್ಪಿದ ತೆರೆ ಮನೆಮಂದಿಗೆಲ್ಲ ಒಪ್ಪುತ್ತದೆ.