ಪರಮಪ್ರಸಾದದ ಸಾಲಿನಿಂದ ಹಿಂದುಳಿದವರು

ವಿಚ್ಛೇದನ ಪಡೆದ ಕಥೋಲಿಕರು ಪರಮಪ್ರಸಾದ ಸ್ವೀಕರಿಸಬಾರದೆಂಬ ಮಾತು ನಮ್ಮ ಧರ್ಮಕೇಂದ್ರಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ಅರ್ಧ ಸತ್ಯ. ನ್ಯಾಯಾಲಯದಿಂದ ವಿಚ್ಛೇದನ ಪಡೆದು ಒಂಟಿಯಾಗಿ ಬಾಳುತ್ತಿರುವವರಿಗೆ, ಮುಖ್ಯವಾಗಿ ತಮ್ಮ ತಪ್ಪಿಲ್ಲದೆ ಪರಿತ್ಯಕ್ತರಾದವರಿಗೆ, ಈ ಸಂಸ್ಕಾರಕ್ಕೆ ಅಡ್ಡಿಯಿಲ್ಲವೆಂದು ಜಗದ್ಗುರು ಎರಡನೆಯ ಜಾನ್ ಪಾಲ್ 1981ರಲ್ಲಿಯೇ ಸ್ಪಷ್ಟಪಡಿಸಿದ್ದಾರೆ. ಅಡ್ಡಿಯಿರುವುದು, ಮೊದಲ ವಿವಾಹವು ಧರ್ಮಸಭೆಯ ದೃಷ್ಟಿಯಲ್ಲಿ ಊರ್ಜಿತವಾಗಿರುವಾಗಲೇ ಮರುಮದುವೆಯಾದವರಿಗೆ. ಈ ವ್ಯತ್ಯಾಸ ತಿಳಿಯದೆ, ಜನರ ಬಾಯಿಗೆ ಅಂಜಿ, ಒಬ್ಬ ಸೋದರಿ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲೇ ಉಳಿದರೆ ಅದಕ್ಕಿಂತ ಖೇದಕರ ಸಂಗತಿ ಇನ್ನಾವುದು?

ಮರುಮದುವೆಯಾದವರ ಪ್ರಶ್ನೆ ಮಾತ್ರ ನಿಜಕ್ಕೂ ಜಟಿಲ. 1993ರಲ್ಲಿ ಜರ್ಮನಿಯ ಮೂವರು ಧರ್ಮಾಧ್ಯಕ್ಷರು, ಫ್ರೈಬರ್ಗ್‌ನ ಆಸ್ಕರ್ ಸಾಯರ್, ಮೈಂಜ್‌ನ ಕಾರ್ಲ್ ಲೇಮನ್, ರೊಟ್ಟೆನ್‌ಬರ್ಗ್-ಸ್ಟುಟ್‌ಗಾರ್ಟ್‌ನ ವಾಲ್ಟರ್ ಕಾಸ್ಪರ್, ಜಂಟಿ ಪತ್ರವೊಂದನ್ನು ಹೊರಡಿಸಿದರು. ಎಲ್ಲರಿಗೂ ಅನುಮತಿ ನೀಡಲಾಗದು. ಆದರೆ ಗುರುಗಳೊಡನೆ ಸಮಾಲೋಚಿಸಿ, ಅಂತಃಸಾಕ್ಷಿಯನ್ನು ಪರೀಕ್ಷಿಸಿಕೊಂಡು ಮುಂದೆ ಬರುವವರ ನಿರ್ಧಾರವನ್ನು ಗೌರವಿಸಬೇಕು ಎಂಬುದು ಅದರ ಸಾರ. 1994ರ ಸೆಪ್ಟೆಂಬರಿನಲ್ಲಿ ರೋಮಿನಿಂದ ಕಾರ್ಡಿನಲ್ ರಾಟ್ಜಿಂಗರ್ ಇದನ್ನು ಒಪ್ಪಲಿಲ್ಲ. ವಿವಾಹವು ಇಬ್ಬರ ಖಾಸಗಿ ವ್ಯವಹಾರವಲ್ಲ, ಸಮುದಾಯದ ಮುಂದೆ ನಡೆದ ಒಡಂಬಡಿಕೆ. ಆದುದರಿಂದ ಅದು ಅಸಿಂಧುವೇ ಎಂಬುದನ್ನು ವ್ಯಕ್ತಿಯೊಬ್ಬನೇ ತೀರ್ಮಾನಿಸಲಾಗದು ಎಂದರು. ಈ ವಾದವನ್ನು ಕಠಿಣವೆಂದು ತಳ್ಳಿಹಾಕುವುದು ಸುಲಭ. ಆದರೆ ತೊರೆಯಲ್ಪಟ್ಟ ಮೊದಲ ಪತ್ನಿಯೂ ಅದೇ ದೇವಾಲಯಕ್ಕೆ ಬರುವಳೆಂಬುದನ್ನು ಮರೆಯಬಾರದು.

ಇಪ್ಪತ್ತು ವರ್ಷಗಳ ಬಳಿಕ, 2014ರಲ್ಲಿ, ಅದೇ ಕಾಸ್ಪರ್ ಕಾರ್ಡಿನಲ್ ಆಗಿ, ಜಗದ್ಗುರು ಫ್ರಾನ್ಸಿಸ್‌ರ ಕೋರಿಕೆಯ ಮೇರೆಗೆ ಕಾರ್ಡಿನಲ್ಲರ ಸಭೆಯಲ್ಲಿ ಈ ವಿಷಯವನ್ನು ಮತ್ತೆ ಮಂಡಿಸಿದರು. ಎರಡು ಸಿನೊಡ್‌ಗಳು ನಡೆದವು. 2016ರ 'ಅಮೋರಿಸ್ ಲೆತಿತ್ಸಿಯಾ' ಪ್ರಬೋಧನೆಯ 351ನೆಯ ಅಡಿಟಿಪ್ಪಣಿಯು, ಕೆಲವು ಸಂದರ್ಭಗಳಲ್ಲಿ ಸಂಸ್ಕಾರಗಳ ನೆರವೂ ದೊರೆಯಬಹುದೆಂದು ಸೂಚಿಸಿತು. ಇಷ್ಟು ಗುರುತರ ವಿಷಯವನ್ನು ಅಡಿಟಿಪ್ಪಣಿಗೆ ಬಿಡಬೇಕಿತ್ತೆ? ನಾಲ್ವರು ಕಾರ್ಡಿನಲ್ಲರು ಐದು ಪ್ರಶ್ನೆಗಳನ್ನು ಕಳುಹಿಸಿದರು. ಜಗದ್ಗುರುಗಳಿಂದ ಅವರಿಗೆ ನೇರ ಉತ್ತರ ಬರಲಿಲ್ಲ. ಪ್ರತಿಯೊಬ್ಬರ ಸ್ಥಿತಿಯನ್ನೂ ಪ್ರತ್ಯೇಕವಾಗಿ ವಿವೇಚಿಸಬೇಕೆಂದು ಬ್ಯೂನಸ್ ಐರಿಸ್ ಪ್ರಾಂತದ ಧರ್ಮಾಧ್ಯಕ್ಷರು ನೀಡಿದ ವಿವರಣೆಯನ್ನು ಮಾತ್ರ ಫ್ರಾನ್ಸಿಸ್ ಅಂಗೀಕರಿಸಿದರು. ವಿವಾಹದ ಅವಿಚ್ಛೇದ್ಯತೆಯನ್ನು ಅವರು ಕೈಬಿಟ್ಟರೆಂಬುದು ಸರಿಯಲ್ಲ.

ನಮ್ಮಲ್ಲಿ ತೊಡಕು ಇನ್ನೂ ಒಂದಿದೆ. ಧರ್ಮಸಭೆಯ ನ್ಯಾಯಮಂಡಳಿಯ ತೀರ್ಪನ್ನು ದೇಶದ ಕಾನೂನೂ ಮಾನ್ಯಮಾಡಬೇಕೆಂದು ದಕ್ಷಿಣ ಕನ್ನಡದ ಕ್ಲಾರೆನ್ಸ್ ಪಾಯಸ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಿರಸ್ಕರಿಸಿತು. ಹೀಗಾಗಿ ನ್ಯಾಯಾಲಯದ ಡಿಕ್ರಿ ಕೈಯಲ್ಲಿದ್ದವರು ಧರ್ಮಸಭೆಯ ಬಾಗಿಲನ್ನೂ, ಧರ್ಮಸಭೆಯ ತೀರ್ಪು ಪಡೆದವರು ನ್ಯಾಯಾಲಯದ ಬಾಗಿಲನ್ನೂ ತಟ್ಟಲೇಬೇಕು. 2015ರ ಸುಧಾರಣೆಯ ತರುವಾಯ, ವಿವಾಹ ಅಸಿಂಧುವೆಂದು ಸಾರಲು ಎರಡನೆಯ ನ್ಯಾಯಮಂಡಳಿಯ ಸಮ್ಮತಿ ಕಡ್ಡಾಯವಲ್ಲ. ಮೊದಲು ಕಾಣಬೇಕಾದವರು ತಮ್ಮ ಧರ್ಮಕೇಂದ್ರದ ಗುರುಗಳನ್ನು, ನೆರೆಹೊರೆಯವರನ್ನಲ್ಲ.