ಗುಳೆಯಿಂದ ಮರಳಿದ ಹುಡುಗಿ ಕೊನೆಯ ಬೆಂಚಿನಲ್ಲಿ

ಸಿಂಧನೂರಿನಿಂದ ಸಿರುಗುಪ್ಪ ಕಡೆಗೆ ಹೊರಟರೆ ತುಂಗಭದ್ರಾ ಸೇತುವೆಗೆ ಮೊದಲು ಸಿಗುವ ಊರು ದಢೇಸುಗೂರು. ಹೊಳೆ ದಾಟಿದರೆ ಬಳ್ಳಾರಿ ಜಿಲ್ಲೆ. ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಇಷ್ಟೊಂದು ನೀರಿರುವ ಕಡೆಯಿಂದ ಜನ ದುಡಿಯಲು ಬೇರೆ ಊರಿಗೆ ಯಾಕೆ ಹೋಗಬೇಕು ಅಂತ ಕರಾವಳಿಯಿಂದ ಹೋದ ನಮಗೆ ಅನಿಸಿದ್ದು ಸಹಜ. ಆದರೆ ಗದ್ದೆ ಇದ್ದವರಿಗೆ ಮಾತ್ರ ಗದ್ದೆ. ಕಾಲುವೆಯ ಕೊನೆಭಾಗಕ್ಕೆ ನೀರು ತಲುಪುವುದೇ ಕಷ್ಟ. ಮಸ್ಕಿ, ಲಿಂಗಸುಗೂರು ಕಡೆ ಬಹಳಷ್ಟು ನೆಲ ಮಳೆಯನ್ನೇ ನಂಬಿದೆ. ಕಟಾವಿಗೆ ಯಂತ್ರ ಬಂದ ಮೇಲೆ ಕೂಲಿಯೂ ಕಡಿಮೆ. ಹಾಗಾಗಿ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ ಅಂತ ಹೊರಡುತ್ತಾರೆ. ಅದಕ್ಕೆ ಇಲ್ಲಿನವರು ಹೇಳುವುದು 'ಗುಳೆ'. ಈ ಪದ ನಮ್ಮ ಊರಲ್ಲಿ ಬಳಕೆಯಲ್ಲಿಲ್ಲ. ಗುಳೆ ಬಂದ ಜನ ಮಾತ್ರ ನಮ್ಮ ಊರಲ್ಲೇ ಇದ್ದಾರೆ. ಮಂಗಳೂರಿನಲ್ಲಿ ಎದ್ದು ನಿಲ್ಲುವ ಫ್ಲ್ಯಾಟುಗಳಿಗೆ ಕಲ್ಲು, ಜಲ್ಲಿ ಹೊರುವವರಲ್ಲಿ ರಾಯಚೂರು, ಕೊಪ್ಪಳ, ಬಾಗಲಕೋಟೆಯವರು ಎಷ್ಟು ಮಂದಿ ಎನ್ನುವುದು ಕಂಟ್ರಾಕ್ಟ್ ಕೆಲಸ ಮಾಡುವ ನಮ್ಮವರಿಗೆ ಚೆನ್ನಾಗಿ ಗೊತ್ತು.

ನಾವು ಕಂಡ ಹುಡುಗಿಯೂ ಮಂಗಳೂರಿನಿಂದಲೇ ಮರಳಿದವಳು. ಹೆಸರು ಬೇಡ. ಮೂರನೇ ತರಗತಿಯ ಅರ್ಧದಲ್ಲಿ ಅಪ್ಪ ಅಮ್ಮನ ಜೊತೆ ಹೋದವಳು, ಎರಡು ವರ್ಷ ಕಟ್ಟಡದ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡೇ ಕಳೆದಳು. ಈ ಜೂನಿನಲ್ಲಿ ಊರಿನ ಸರಕಾರಿ ಶಾಲೆಯಲ್ಲಿ ಐದನೆಯ ತರಗತಿಗೆ ಕೂರಿಸಿದರು. ಮೊದಲ ದಿನವೇ ಎದ್ದು ನಿಂತು ಪಾಠ ಓದು ಎಂದರಂತೆ. ಅಕ್ಷರ ಗೊತ್ತು, ಒತ್ತಕ್ಷರ ಬಂದಲ್ಲಿ ನಿಂತುಬಿಟ್ಟಳು. ಮಕ್ಕಳು ನಕ್ಕರು. ಮರುದಿನದಿಂದ ಹೊಟ್ಟೆನೋವು. "ಸಾಲಿಗೆ ಹೋಗಾಕ ಒಲ್ಲೆ ಅಂತಾಳ್ರೀ. ಮತ್ತ ಮಂಗಳೂರಿಗೇ ಹೋಗೋಣ ಅಂತಾಳ" ಎಂದರು ತಾಯಿ.

ಹತ್ತು ವರ್ಷದ ಮಗುವಿಗೆ ಶಾಲೆಗಿಂತ ಸಿಮೆಂಟಿನ ಶೆಡ್ಡೇ ವಾಸಿ ಅನಿಸಿತು ಎಂದರೆ ಆ ನಗು ಎಷ್ಟು ಚುಚ್ಚಿರಬೇಡ!

ಇಲ್ಲಿ ಟೀಚರನ್ನು ಮಕ್ಕಳು ಅಕ್ಕೋರು ಎನ್ನುತ್ತಾರೆ. ತಪ್ಪು ತಮ್ಮದೇ ಎಂದು ಅಕ್ಕೋರು ಮುಚ್ಚಿಡದೆ ಹೇಳಿದರು. ನಾಲ್ಕು ದಿನ ಬಾರದಿದ್ದಾಗ ಮನೆಗೆ ಹೋದರು, ಬೈಯಲಿಲ್ಲ. ಆಮೇಲೆ ಓದಿಸಿ ನೋಡಿದ್ದೂ ಒಬ್ಬಳನ್ನೇ ಕೂರಿಸಿಕೊಂಡು. ಅಕ್ಷರ ಬರುತ್ತದಾ, ಪದ ಬರುತ್ತದಾ, ಒಂದನೇ ತರಗತಿಯ ನಾಲ್ಕು ಸಾಲು, ಎರಡನೇ ತರಗತಿಯ ಸಣ್ಣ ಕತೆ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಹಳ್ಳಿಯಲ್ಲಿ ಮಾಡುವ 'ಅಸರ್' ಸಮೀಕ್ಷೆಯ ಮೆಟ್ಟಿಲುಗಳೂ ಇವೇ. ಮನೆಯಲ್ಲಿ ಯಾವ ತಾಯಿಯೂ ಹತ್ತು ನಿಮಿಷದಲ್ಲಿ ನೋಡಬಹುದು. ಮಗು ಯಾವ ತರಗತಿಯಲ್ಲಿ ಇದೆ ಎನ್ನುವುದಕ್ಕಿಂತ ಯಾವ ಮೆಟ್ಟಿಲಲ್ಲಿ ಇದೆ ಎನ್ನುವುದು ಗೊತ್ತಾದರೆ ಕೆಲಸ ಅರ್ಧ ಆದ ಹಾಗೆ. ಇವಳು ಪದದಲ್ಲಿ ನಿಂತಿದ್ದಳು.

ಹಾಗಂತ ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಮತ್ತೆ ಅವಮಾನ. ಅಕ್ಕೋರು ಬೇರೆ ದಾರಿ ಹಿಡಿದರು. ಬಿಸಿಯೂಟದ ನಂತರ ಒಂದನೇ ತರಗತಿಯವರಿಗೆ ಕತೆ ಓದಿ ಹೇಳುವ ಕೆಲಸ ಇವಳಿಗೆ ಕೊಟ್ಟರು. ಚಿಣ್ಣರಿಗೆ ಓದಿ ಹೇಳಬೇಕಾದರೆ ಹಿಂದಿನ ದಿನ ತಾನು ಓದಿಕೊಳ್ಳಲೇಬೇಕಲ್ಲ. ಯಾರೂ ನಗುವ ಹಾಗಿಲ್ಲ, ಕೇಳುವವರಿಗೆ ಇವಳೇ ದೊಡ್ಡ ಅಕ್ಕ. ಲೆಕ್ಕದಲ್ಲಿ ಇವಳನ್ನು ಹಿಡಿಯುವವರೇ ಇಲ್ಲ. ಅಪ್ಪನ ವಾರದ ಪಗಾರ, ಅಂಗಡಿಯ ಬಾಕಿ ಎಲ್ಲ ಬಾಯಲ್ಲೇ ಹೇಳುತ್ತಾಳೆ. ತುಳುವಿನಲ್ಲಿ 'ಬಲೆ, ಕುಳ್ಳುಲೆ' ಅಂತ ನಮಗೇ ಕರೆದು ತೋರಿಸಿದಳು! ಈಗ ದಿನಾ ಬರುತ್ತಾಳೆ. ಕೊನೆಯ ಬೆಂಚು ಮಾತ್ರ ಬಿಟ್ಟಿಲ್ಲ. ಅದನ್ನು ಅವಳೇ ಬಿಡಲಿ ಅಂತ ಅಕ್ಕೋರೂ ಸುಮ್ಮನಿದ್ದಾರೆ.

ಕೊರೋನಾ ಕಾಲದ ನೆನಪು ಇಲ್ಲಿ ಬರುತ್ತದೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ನಮ್ಮ ರಾಜ್ಯದ ಶಾಲೆಗಳು ಒಂದರಿಂದ ಐದನೇ ತರಗತಿಯವರಿಗೆ ಪುನಃ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ವಿದ್ಯಾಗಮ ಬಂತು, ನಿಂತಿತು, ಮತ್ತೆ ಬಂತು. ಸರಕಾರ 2022-23ನ್ನು ಕಲಿಕಾ ಚೇತರಿಕೆಯ ವರ್ಷ ಎಂದು ಕರೆದು, ಹಿಂದೆ ಬಿಟ್ಟು ಹೋದದ್ದನ್ನು ಮೊದಲು ಕಲಿಸಿ ಎಂದಿತು. ಅದೇ ಹೊತ್ತಿಗೆ ಗಲ್ಫ್‌ನಲ್ಲಿ ಕೆಲಸ ಹೋಗಿ ಊರಿಗೆ ಬಂದ ನಮ್ಮವರ ಮಕ್ಕಳು ಇಂಗ್ಲಿಷ್ ಶಾಲೆಯಿಂದ ಇಲ್ಲಿನ ಕನ್ನಡ ಪಾಠಕ್ಕೆ ಬಂದು ಕಣ್ಣುಕಣ್ಣು ಬಿಟ್ಟದ್ದನ್ನು ನಾವೆಲ್ಲ ಮನೆಗಳಲ್ಲೇ ಕಂಡಿದ್ದೇವೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಎನ್ನುವ ಮಗುವಿನ ಪಾಡು ನಮಗೆ ಹೊಸತಲ್ಲ. ಒಂದು ವರ್ಷ ಕಳೆದವನನ್ನು ದೊಡ್ಡಪ್ಪನ ಮಗನ ಜೊತೆ ಹೋಲಿಸುವುದು ನಿಲ್ಲಿಸಿದ ಮನೆಗಳಲ್ಲಿ ಮಕ್ಕಳು ಬೇಗ ಚೇತರಿಸಿಕೊಂಡರು ಎಂದೇ ನಮ್ಮ ಅನಿಸಿಕೆ.

ಕಾನೂನಿನ ನಾಲ್ಕು ಮಾತು ಗೊತ್ತಿರಲಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಸರಿಗಟ್ಟಲು ವಿಶೇಷ ತರಬೇತಿ ಕೊಡಬೇಕು. ಟಿ.ಸಿ. ಬಂದಿಲ್ಲ, ವಯಸ್ಸಿನ ದಾಖಲೆ ಇಲ್ಲ, ಜೂನ್ ಮುಗಿಯಿತು ಎಂದು ಬಾಗಿಲಿನಿಂದ ವಾಪಸ್ ಕಳಿಸುವಂತಿಲ್ಲ. ಹದಿನಾಲ್ಕು ದಾಟಿದರೂ ಎಂಟನೆಯ ತರಗತಿ ಮುಗಿಯುವವರೆಗೆ ಉಚಿತವೇ. ಊರು ಬಿಡುವ ಮುಂಚೆ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ರಾಜ್ಯದೊಳಗಿನ ಇನ್ನೊಂದು ಶಾಲೆಗೆ ಸೇರಿಸುವುದು ಸುಲಭ. ಮಂಗಳೂರಿನಲ್ಲಿ ಆ ಶೆಡ್ಡಿನ ಹತ್ತಿರವೂ ಶಾಲೆ ಇತ್ತಂತೆ. ಸೇರಿಸಬಹುದು ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಹೊರಡುವಾಗ ತಾಯಿಯನ್ನು ಕೇಳಿದೆವು, ದೀಪಾವಳಿ ಆದ ಮೇಲೆ ಮತ್ತೆ ಹೋಗುವುದಾದರೆ ಮಗಳನ್ನು ಅಜ್ಜಿಯ ಹತ್ತಿರ ಬಿಡಬಹುದಲ್ಲ ಅಂತ. "ಬಿಡತೀನ್ರಿ. ಆದ್ರ ಸಣ್ಣವನ್ನ ಅಲ್ಲಿ ಯಾರ್ ನೋಡ್ಕೋಬೇಕು?" ಎಂದರು.

ಆ ಪ್ರಶ್ನೆಗೆ ಉತ್ತರ ದಢೇಸುಗೂರಿನಲ್ಲಿಲ್ಲ, ನಮ್ಮ ಊರಿನ ಸೈಟಿನಲ್ಲಿದೆ. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು, ನೋಡಿಕೊಳ್ಳುವವರು ಇರಬೇಕು ಎನ್ನುತ್ತಿತ್ತು. ನಮ್ಮಲ್ಲಿ ಹೆಚ್ಚಿನವು ಐದಾರು ಹೆಂಗಸರಿರುವ ಸೈಟುಗಳು, ಕಾನೂನು ಅಲ್ಲಿಗೆ ತಲುಪುವುದಿಲ್ಲ. ಅಕ್ಕಪಕ್ಕದ ಮೂರು ಸೈಟಿನವರು ಸೇರಿ ಒಂದು ಕೋಣೆ, ಒಬ್ಬ ಹೆಂಗಸಿನ ಸಂಬಳ ಹೊಂದಿಸುವುದು, ಹತ್ತಿರದ ಅಂಗನವಾಡಿಗೆ ಹೋಗಿ ಒಂದು ಮಾತು ಹೇಳುವುದು ಕಂಟ್ರಾಕ್ಟರಿಗೆ ದೊಡ್ಡ ಹೊರೆಯೇನಲ್ಲ. ದೀಪಾವಳಿಗೆ ಇನ್ನು ಕೆಲವೇ ವಾರ ಇದೆ.