ಯಕೃತ್ತಿನ ಕೊಬ್ಬು ಮತ್ತು ನೇರಳೆಯ ಬಣ್ಣ

"ಮದ್ಯವನ್ನು ಮುಟ್ಟಿದವರಲ್ಲ; ನಮಗೇಕೆ ಯಕೃತ್ತಿನ ರೋಗ?" ಎಂದು ಕೇಳುವ ಹಿರಿಯರು ನಮ್ಮ ಮನೆಗಳಲ್ಲಿ ಉಂಟು. ಆದರೆ ಸ್ಥೂಲಕಾಯ, ಸಕ್ಕರೆ ಕಾಯಿಲೆ ಹಾಗೂ ಜಡಜೀವನಗಳಿಂದಲೂ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ. ಅದು ಶೇ. 5ನ್ನು ಮೀರಿದರೆ ವೈದ್ಯರು ‘ಫ್ಯಾಟಿ ಲಿವರ್’ ಎನ್ನುತ್ತಾರೆ. ಬಹುಕಾಲ ನೋವನ್ನೇ ತೋರದ ಈ ವ್ಯಾಧಿಯು ಉಪೇಕ್ಷಿಸಿದಲ್ಲಿ ಕೆಲವರಲ್ಲಿ ಉರಿಯೂತ, ಸಿರೋಸಿಸ್‌ಗಳವರೆಗೆ ಮುಂದುವರಿಯುವುದುಂಟು.

ನೇರಳೆ, ಬ್ಲೂಬೆರಿ, ಬಿಲ್‌ಬೆರಿ ಮೊದಲಾದ ಹಣ್ಣುಗಳ ಕಡುವರ್ಣಕ್ಕೆ ಆಂಥೊಸಯನಿನ್ ಎಂಬ ದ್ರವ್ಯಗಳು ಕಾರಣ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇವು ಯಕೃತ್ತಿನಲ್ಲಿ ಕೊಬ್ಬಿನ ಉತ್ಪತ್ತಿಯನ್ನು ತಗ್ಗಿಸಿ, ಅದರ ದಹನಕ್ಕೆ ನೆರವಾಗಿವೆ. 2015ರಲ್ಲಿ ಪ್ರಕಟವಾದ ಚೀನಾದ ಪರೀಕ್ಷೆಯೊಂದರಲ್ಲಿ 74 ರೋಗಿಗಳು ಭಾಗಿಗಳಾಗಿದ್ದರು. ಅವರಲ್ಲಿ ಒಂದು ಗುಂಪಿಗೆ ನಿತ್ಯ 320 ಮಿಲಿಗ್ರಾಂ ಆಂಥೊಸಯನಿನ್ನನ್ನು 12 ವಾರ ಕೊಡಲಾಯಿತು. ಯಕೃತ್ತಿನ ಹಾನಿಯನ್ನು ಸೂಚಿಸುವ ಎ.ಎಲ್.ಟಿ. ಕಿಣ್ವವು ಅವರ ರಕ್ತದಲ್ಲಿ ಇಳಿಯಿತು. ಆದರೆ ಅದು ಸಣ್ಣ, ಅಲ್ಪಾವಧಿಯ ಪರೀಕ್ಷೆ. ಅಲ್ಲಿ ಬಳಸಿದ್ದು ಶುದ್ಧೀಕರಿಸಿದ ದ್ರವ್ಯವೇ ಹೊರತು ಬೊಗಸೆ ಹಣ್ಣಲ್ಲ.

ಆದಕಾರಣ ಹಣ್ಣನ್ನು ಹಣ್ಣಾಗಿಯೇ ಸೇವಿಸುವುದು ಲೇಸು. ಚೂರ್ಣ, ಗುಳಿಗೆಗಳನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ಬಿಡಬಾರದು. ಸಾಂದ್ರಗೊಳಿಸಿದ ಕೆಲವು ಸಸ್ಯಸಾರಗಳು ಯಕೃತ್ತಿಗೇ ಕೇಡು ಮಾಡಿದ್ದುಂಟು. ಸ್ಥೂಲಕಾಯರು ದೇಹತೂಕವನ್ನು ಶೇ. 7ರಿಂದ 10ರಷ್ಟು ಇಳಿಸಿದರೆ ಕೊಬ್ಬು, ಉರಿಯೂತಗಳೆರಡೂ ತಗ್ಗುತ್ತವೆಂಬುದು ಹೆಚ್ಚು ದೃಢಪಟ್ಟ ಸಂಗತಿ. ನಿತ್ಯದ ನಡಿಗೆ, ಮಿತವಾದ ಊಟ, ಒತ್ತಾಯಕ್ಕೆ ಬಡಿಸುವ ಎರಡನೆಯ ಹೋಳಿಗೆಗೆ ವಿನಯದ ನಿರಾಕರಣೆ: ಇವು ಮೊದಲು, ನೇರಳೆಯು ಅವುಗಳ ಜೊತೆಗಾರ ಮಾತ್ರ.